ಯಾರ ಮನ್ಯಾಗ ಉಂಡಾರ?

ನಮ್ಮ ಸುಂದರವ್ವ ಕಾಕುವಿನ ಕೈಯಲ್ಲಿ ಉಂಡ ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿದರೆ ಸಂಪಗಾಂವದಿಂದ ಬೈಲಹೊಂಗಲದವರೆಗೆ ಮುಟ್ಟುತ್ತದಂತೆ. ಇದು ನನ್ನ ಮಾತಲ್ಲ, ಅವಳ ಗಂಡ ನಿಜಗುಣಪ್ಪ ಕಾಕಾ ಹೇಳುವ ಮಾತು. ಕಾಕಾ ಹೇಳಿದ್ದರಲ್ಲಿ ಅರ್ಧ ಬಿಟ್ಟು ಅರ್ಧ ತೆಗೆದುಕೊಳ್ಳಬೇಕು. ಅರ್ಧವೆಂದರೂ ಅದೇನು ಕಡಿಮೆ ಮಂದಿಯಲ್ಲ. ಅಷ್ಟು ಜನಕ್ಕೆ ರೊಟ್ಟಿ ಬಡಿದು ನೀಡಿದವಳು ಅವರಲ್ಲಿ ಒಬ್ಬನ ಕುಸ್ತಿಯನ್ನೂ ಕಣ್ಣಾರೆ ಕಂಡವಳಲ್ಲ.

ಕಾಕಾ ನಮ್ಮಪ್ಪನ ತಮ್ಮ. ಬೈಲಹೊಂಗಲದ ಪೇಟೆಯಲ್ಲಿ ಅವರದು ಹಗ್ಗದ ಅಂಗಡಿ. ದಿನಾ ಬಸ್ಸಿಗೆ ಹೋಗಿ ಬಂದು ಮಾಡುತ್ತಿದ್ದರು. ಸಂಪಗಾಂವದ ನಮ್ಮ ಮನೆ ಇರುವುದು ಕುಸ್ತಿ ಮೈದಾನಕ್ಕೆ ಬೆನ್ನು ಹಚ್ಚಿಕೊಂಡು. ಪ್ರತಿ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ಅಲ್ಲಿ ಕುಸ್ತಿ ನಡೆಯುತ್ತವೆ. ಪರ ಊರಿನಿಂದ ಬಂದ ಪೈಲ್ವಾನನಿಗೆ ಅಂದು ನಮ್ಮ ಮನೆಯಲ್ಲಿ ಊಟ. ಅಷ್ಟೇ ಆಗಿದ್ದರೆ ಅದು ಎಲ್ಲ ಊರಲ್ಲೂ ಇರುವ ಪದ್ಧತಿ. ನಮ್ಮೂರಲ್ಲಿ ಇನ್ನೊಂದಿದೆ. ಉಂಡವನು ಮೈದಾನಕ್ಕೆ ಇಳಿದಾಗ ಅವನ ಹೆಸರು ಹಿಡಿದು ಹುರಿದುಂಬಿಸಿ ಕೂಗುವವರು ನೀಡಿದ ಮನೆಯವರೇ ಆಗಬೇಕು. ಸುತ್ತಲೂ ಕೂತ ಊರೆಲ್ಲ ಊರ ಪೈಲ್ವಾನನ ಕಡೆ. ಬಂದವನ ಕಡೆ ಒಂದಾದರೂ ಬಾಯಿ ಇರಲಿ ಎಂದು ಹಿರಿಯರು ಮಾಡಿಟ್ಟದ್ದು.

ಹಾಗೆಂದು ಎದ್ದು ನಿಂತು ಸುಮ್ಮನೆ ಕೂಗುವಂತಿಲ್ಲ. ಮೊದಲು ಮೈದಾನದ ಪಂಚರಲ್ಲೊಬ್ಬ ನಡುವೆ ನಿಂತು, ‘ಈ ಪೈಲ್ವಾನ ಯಾರ ಮನ್ಯಾಗ ಉಂಡಾನ?’ ಎಂದು ಕೇಳಬೇಕು. ಆಗ ಕಾಕಾ ಎದ್ದು, ‘ನಮ್ಮ ಮನ್ಯಾಗ!’ ಎನ್ನಬೇಕು. ಅಲ್ಲಿಂದ ಮುಂದೆ ಕೂಗಿಗೆ ಹಾದಿ ಬಿಟ್ಟ ಹಾಗೆ. ಕೇಳದೆ ಕೂಗಿದರೆ ಊಟ ಹಾಕಿದ್ದನ್ನು ತಾವೇ ಡಂಗುರ ಹೊಡೆದ ಹಾಗಾಗುತ್ತದೆ. ಅದರಂಥ ಬಡಿವಾರ ಬೇರೆ ಇಲ್ಲ ಎಂಬುದು ನಮ್ಮ ಮನೆಯ ನಂಬಿಕೆ.

ಈ ಪದ್ಧತಿಯಿಂದ ಕಾಕಾ ಪಟ್ಟ ಪಾಡೂ ಸಣ್ಣದಲ್ಲ. ಒಂದು ವರ್ಷ ನಮ್ಮೂರಿನ ಶಟ್ಟೆಪ್ಪ, ಆಗಿನ್ನೂ ಹುರಿಯಾಳು, ಮುನವಳ್ಳಿ ಕಡೆಯಿಂದ ಬಂದ ಒಬ್ಬನ ಕೈಯಲ್ಲಿ ಚಿತ್ತಾಗಿ ಬಿದ್ದ. ಬಿದ್ದದ್ದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ನಮ್ಮ ಕಾಕಾನ ಕೂಗು. ಮರುವರ್ಷದ ಸುಗ್ಗಿಯವರೆಗೂ ಆ ಮನುಷ್ಯ ಬೈಲಹೊಂಗಲದ ನಮ್ಮ ಅಂಗಡಿ ದಾಟಿಕೊಂಡು ಕಿತ್ತೂರಿಗೆ ಹೋಗಿ ಹಗ್ಗ ತಂದ. ಮುಂದೆ ಅವನೇ ಮೈದಾನದ ಪಂಚನಾಗಿ ‘ಯಾರ ಮನ್ಯಾಗ ಉಂಡಾನ?’ ಎಂದು ಕೇಳುವ ಜಾಗದಲ್ಲಿ ನಿಂತ. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ಕಾಕು ಮಾತ್ರ ಅಡುಗೆಮನೆಯಲ್ಲಿ. ಹೆಂಗಸರು ಮೈದಾನಕ್ಕೆ ಹೋಗುವ ರೂಢಿ ಇರಲಿಲ್ಲ. ಒಲೆಯ ಮುಂದೆ ಕೂತೇ ಗೋಡೆಯ ಆಚೆಯ ಗದ್ದಲ ಕೇಳಿ ಕುಸ್ತಿ ತಿಳಿದುಕೊಳ್ಳುತ್ತಿದ್ದಳು. ಹಲಗಿಯ ಬಡಿತ ಜೋರಾದರೆ ಪಟ್ಟು ಬಿತ್ತು. ಜನ ಒಮ್ಮೆಲೆ ಸುಮ್ಮನಾಗಿ ಕಾಕಾನ ದನಿಯೊಂದೇ ಕೇಳಿದರೆ ಊರವನು ಬಿದ್ದ. ‘ನಮ್ಮ ಹುಡುಗ ಗೆದ್ದ ನೋಡ’ ಎಂದು ನನ್ನ ಕಡೆ ತಿರುಗಿ ನಗುತ್ತಿದ್ದಳು. ಉಂಡು ಎದ್ದು ಹೋದ ಪ್ರತಿಯೊಬ್ಬನೂ ಅವಳಿಗೆ ನಮ್ಮ ಹುಡುಗನೇ. ಆದರೆ ನೀಡಿದವಳು ತಾನು, ‘ನಮ್ಮ ಮನ್ಯಾಗ’ ಎನ್ನುವವರು ಮತ್ತೊಬ್ಬರು ಎನ್ನುವುದು ಅವಳ ಮನಸ್ಸಿನಲ್ಲಿ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ.

ನಾನು ಮದುವೆಯಾಗಿ ಸವದತ್ತಿಗೆ ಹೋದೆ. ನನ್ನ ಗಂಡ ವಿರೂಪಾಕ್ಷ ಅಲ್ಲಿ ಹೈಸ್ಕೂಲಿನ ಪಿ.ಟಿ. ಮಾಸ್ತರ. ಕೊರಳಲ್ಲಿ ಸದಾ ಸೀಟಿ. ಮಲಗುವಾಗ ತೆಗೆಯಿರಿ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಭಾರತ ಆಡುತ್ತದೆ ಎಂದರೆ ಇವರಿಗೆ ಅನ್ನ ನೀರು ಬೇಡ. ತೊಂಬತ್ತಾರರ ವಿಶ್ವಕಪ್ಪಿನಲ್ಲಿ ಹೊಸ ಅಳಿಯನಾಗಿ ಬಂದು, ಕಾಕಾನ ಅಂಗಡಿಯಲ್ಲಿ ಹಗ್ಗದ ಸುರುಳಿಗಳ ಮೇಲೆ ಟಿವಿ ಏರಿಸಿ, ಪೇಟೆಯ ಅರ್ಧ ಜನರನ್ನು ಸೇರಿಸಿಕೊಂಡು ಕ್ರಿಕೆಟ್ ನೋಡುತ್ತ ಕೂತಿದ್ದರು. ಎಲ್ಲರೂ ಕೇಕೆ ಹಾಕುತ್ತಿರುವಾಗ ಕಾಕಾ ಮಾತ್ರ ಪರದೇಶದ ಬ್ಯಾಟುಗಾರನನ್ನು ನೋಡಿ, ‘ಪಾಪ, ಈ ಹುಡುಗ ಯಾರ ಮನ್ಯಾಗ ಉಂಡಾನೋ’ ಎಂದು ಮರುಗಿದರು.

‘ಅವ್ರೆಲ್ಲಾ ದೊಡ್ಡ ಹೋಟೆಲ್ದಾಗ ಉಣ್ತಾರ್ರಿ ಮಾವಾರ’ ಎಂದರು ನಮ್ಮವರು.

‘ಹಂಗಾರ ಹೋಟೆಲ್ಲಿನಾವ್ರು ಬಂದು ಕೂಗಬೇಕಲ್ಲ? ಒಬ್ರೂ ಕಾಣವಲ್ರು?’

ಅಂಗಡಿಯೆಲ್ಲ ನಕ್ಕಿತು. ನನ್ನ ಗಂಡನಿಗೆ ಮಾತ್ರ ಸಿಟ್ಟು ಬಂತು. ಇವರ ಜೊತೆ ಇನ್ನು ಯಾವ ಮ್ಯಾಚೂ ನೋಡುವುದಿಲ್ಲ ಎಂದು ಬಸ್ಸಿನಲ್ಲಿ ಸವದತ್ತಿ ಬರುವವರೆಗೂ ಗೊಣಗಿದರು.

ಎರಡು ಸಾವಿರದ ಮೂರರ ಸುಮಾರಿಗೆ ಕಾಕಾನ ಗಂಟಲು ಕೈಕೊಟ್ಟಿತು. ಅಷ್ಟು ವರ್ಷ ಕೂಗಿದ ಗಂಟಲು. ಮಾತು ಉಳಿಯಿತು, ದನಿ ಹೋಯಿತು. ಆ ವರ್ಷ ಮೈದಾನದಲ್ಲಿ ಕೇಳಿದಾಗ ಕಾಕಾ ಎದ್ದು ಬರೀ ಕೈ ಎತ್ತಿದರು. ಗೋಡೆಯ ಈಚೆ ಕಾಕು ಕಿವಿಗೊಟ್ಟು ಕೂತೇ ಇದ್ದಳು. ಊರಿನ ಗದ್ದಲ ಕೇಳಿತೇ ಹೊರತು ಗೆದ್ದನೋ ಬಿದ್ದನೋ ತಿಳಿಯಲಿಲ್ಲ. ‘ಉಂಡ ಹುಡುಗಗ ಬಾಯಿ ಇಲ್ಲದಂಗ ಆತಲ್ಲ’ ಎಂದು ಅಂದು ಅವಳು ಊಟ ಬಿಟ್ಟಳು. ಮರುವರ್ಷ ಗಟ್ಟಿ ಮನಸ್ಸು ಮಾಡಿ, ತಾನು ಬಂದು ಕೂಗಲೇ ಎಂದು ಶಟ್ಟೆಪ್ಪನಿಗೆ ಕಾಕಾನ ಕಡೆಯಿಂದ ಕೇಳಿಸಿದಳು.

‘ಹೆಣ್ಣಮಕ್ಕಳು ಮೈದಾನಕ್ಕ ಬಂದು ಕೂತ್ರ ಪೈಲ್ವಾನರು ಎತ್ತ ನೋಡಬೇಕ್ರಿ?’ ಎಂದನಂತೆ ಶಟ್ಟೆಪ್ಪ. ಕೂಡಿದ್ದವರೆಲ್ಲ ನಕ್ಕರು. ಆ ನಗೆ ಗೋಡೆ ದಾಟಿ ಒಲೆಯವರೆಗೂ ಬಂತು. ಕಾಕು ಬಹಳ ನೊಂದುಕೊಂಡಳು. ಕುಸ್ತಿಗೆಂದು ತವರಿಗೆ ಬಂದಿದ್ದ ನನಗಂತೂ ಎದ್ದು ಹೋಗಿ ಆ ಶಟ್ಟೆಪ್ಪನ ಮೀಸೆ ಹಿಡಿದು ಜಗ್ಗಬೇಕು ಎನ್ನಿಸಿತ್ತು. ಕಾಕುವೇ ಕೈ ಹಿಡಿದು ಕೂರಿಸಿದಳು.

ಇದಾದ ಎರಡು ವರ್ಷಕ್ಕೆ ಸೀಗಿ ಹುಣ್ಣಿಮೆಗೆ ನಾವೆಲ್ಲ ಕಿತ್ತೂರಿನಲ್ಲಿದ್ದೆವು. ಅದು ಕಾಕುವಿನ ತವರೂರು. ಅವಳ ಅಣ್ಣನ ಹೊಲ ಬೆಳಗಾವಿ–ಧಾರವಾಡ ಹೆದ್ದಾರಿಗೆ ಹತ್ತಿಕೊಂಡೇ ಇದೆ. ಪೂಜೆಯಾಗಿ, ಪೈರಿಗೆ ಎಡೆಯ ಅನ್ನ ಎರಚಿ ಚರಗ ಚೆಲ್ಲಿ, ಬನ್ನಿ ಗಿಡದ ನೆರಳಲ್ಲಿ ಬುಟ್ಟಿ ಬಿಚ್ಚುವ ಹೊತ್ತಿಗೆ ರಸ್ತೆಯಲ್ಲಿ ಒಂದು ಬಸ್ಸು ಹೊಗೆ ಬಿಡುತ್ತ ನಿಂತಿತು. ಒಳಗಿನಿಂದ ಒಂದೇ ಬಣ್ಣದ ಟ್ರ್ಯಾಕ್ ಸೂಟು ತೊಟ್ಟ ಹುಡುಗಿಯರು ಇಳಿದು ಗಿಡದ ನೆರಳು ಹುಡುಕಿಕೊಂಡು ದಂಡೆಯ ಮೇಲೆ ಕೂತರು. ಚೀಲದಿಂದ ಬಿಸ್ಕೀಟು ತೆಗೆದರು.

ಕಾಕು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ‘ಹಬ್ಬದ ದಿನ ನಮ್ಮ ಹೊಲದ ದಂಡಿಮ್ಯಾಲ ಹೆಣ್ಣಹುಡುಗ್ಯಾರು ಬಿಸ್ಕೀಟ ತಿನ್ನಾಕ ಹತ್ಯಾರ. ನಮಗ ನಾಚಿಗಿ ಬರಬೇಕು.’

ಹೋಗಿ ಕರೆದೇಬಿಟ್ಟಳು. ಅವರೊಂದಿಗೆ ದುಭಾಷಿಯಾಗಿ ಪುಣೆಯಿಂದ ಬಂದ ಒಬ್ಬ ಮರಾಠಿ ಹೆಂಗಸು ಇದ್ದಳು. ಕಾಕುವಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಹುಡುಗಿಯರು ಜಪಾನಿನವರು, ಜಪಾನಿನ ಕಬಡ್ಡಿ ತಂಡವಂತೆ, ಬೆಂಗಳೂರಿಗೆ ಹೊರಟಿದ್ದರಂತೆ. ಬಸ್ಸು ರಿಪೇರಿಯಾಗುವವರೆಗೆ ಎಲ್ಲರೂ ಬನ್ನಿ ಗಿಡದ ಕೆಳಗೆ ಕೂತು ಎಳೆಬದನೆಯ ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹೋಳಿಗೆ, ಮೊಸರನ್ನ ಉಂಡರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಅವರಲ್ಲಿ ಒಬ್ಬಳು, ಗಿಡ್ಡ, ಗಟ್ಟಿಮುಟ್ಟಾದ ಮೈ, ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು ಕೊನೆಗೆ ಹೊಟ್ಟೆಯ ಮೇಲೆ ಕೈಯಾಡಿಸಿ ನಕ್ಕಳು. ಅವಳ ಹೆಸರೇನೆಂದು ಕಾಕು ಕೇಳಿ ತಿಳಿದುಕೊಂಡಳು. ಮಾಯುಮಿ. ಎರಡು ಸಲ ತಾನೇ ಅಂದು ನೋಡಿ, ‘ಕೂಗಾಕ ಸಸಾರ ಐತಿ’ ಎಂದಳು.

ಆ ಮಾತಿನ ಅರ್ಥ ನಮಗೆ ಆಗ ಹೊಳೆಯಲಿಲ್ಲ. ನನ್ನ ಗಂಡ ಹಿಗ್ಗಿ ಹೀರೇಕಾಯಿಯಾಗಿದ್ದರು. ನಾಡಿದ್ದು ಇವರು ಆಡುವುದು ಭಾರತದ ಮೇಲೆ, ಅದೇ ಪಂದ್ಯಕ್ಕೆ ತಮ್ಮ ಹತ್ತಿರ ಪಾಸು ಇವೆ ಎಂದು ಎಲ್ಲರ ಮುಂದೆ ಜೇಬು ತಟ್ಟಿಕೊಂಡರು. ಬಸ್ಸು ಹೊರಟುಹೋಯಿತು. ಕಾಕು ಬುಟ್ಟಿ ಕಟ್ಟುತ್ತ ಸಹಜವಾಗಿ, ‘ಹಂಗಾರ ನಾವೂ ಬರಬೇಕಾತು’ ಎಂದಳು.

‘ಯಾಕ್ರಿ ಅತ್ತ್ಯಾರ?’

‘ಯಾಕಂದ್ರ? ಉಂಡಾರಲ್ಲ.’

ವಿರೂಪಾಕ್ಷರ ಮುಖ ನೋಡಬೇಕಿತ್ತು. ‘ಅವ್ರು ಇಂಡಿಯಾದ ವಿರುದ್ಧ ಆಡ್ತಾರ್ರೀ!’

‘ಇಂಡಿಯಾದ ಹುಡುಗ್ಯಾರಿಗೆ ಕೂಗಾಕ ಬೆಂಗಳೂರಂಥಾ ಬೆಂಗಳೂರ ಐತೆಪಾ. ಇವಕ್ಕ ಯಾರದಾರ?’

ಕಾಕಾ ಒಡಕು ದನಿಯಲ್ಲಿ, ‘ನನ್ನ ಗಂಟಲಾ ಹೋಗೇತಲ್ಲ’ ಎಂದರು.

‘ನಂದೇನು ಹೋಗಿಲ್ಲಲ್ರಿ’ ಎಂದಳು ಕಾಕು.

ಕಾಕಾ ಹೆಂಡತಿಯ ಕೈಯಿಂದ ಬುಟ್ಟಿ ತೆಗೆದುಕೊಂಡರು. ಆಮೇಲೆ, ‘ಅಲ್ಲಿ ಆಡಾವ್ರೂ ಹೆಣ್ಣಮಕ್ಕಳ. ಶಟ್ಟೆಪ್ಪನೂ ಇರಂಗಿಲ್ಲ. ನಡಿ’ ಎಂದರು. ನಾನು ಅಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ.

ಧಾರವಾಡದಲ್ಲಿ ರೈಲು ಹತ್ತಿ ನಾಲ್ವರೂ ಬೆಂಗಳೂರಿಗೆ ಬಂದೆವು. ಒಳಾಂಗಣ ಸ್ಟೇಡಿಯಂ. ಒಳಗೆ ಕಾಲಿಟ್ಟರೆ ಕಿವಿ ಕಿತ್ತುಹೋಗುವ ಸದ್ದು. ಡೊಳ್ಳು, ತುತ್ತೂರಿ, ಬಾವುಟ, ‘ಇಂಡಿಯಾ! ಇಂಡಿಯಾ!’ ನನ್ನ ಗಂಡ ಕೆನ್ನೆಗೆ ತ್ರಿವರ್ಣ ಬಳಿಸಿಕೊಂಡು, ನಮ್ಮೊಂದಿಗೆ ಬಂದವರಲ್ಲ ಎನ್ನುವ ಹಾಗೆ ಒಂದು ಕುರ್ಚಿ ಬಿಟ್ಟು ಕೂತರು. ನಿಜ ಹೇಳುತ್ತೇನೆ, ಆ ಗದ್ದಲ ನನಗೂ ಬಹಳ ಸೇರಿತು. ಸಾವಿರಾರು ಮಂದಿಯ ಜೊತೆ ಒಂದೇ ಉಸಿರಿನಲ್ಲಿ ಕೂಗುವ ಖುಷಿಯೇ ಬೇರೆ. ಟೀಚರಾಗಿ ಶಾಲೆಯಲ್ಲಿ ದಿನವಿಡೀ ‘ಗದ್ದಲ ಮಾಡಬ್ಯಾಡ್ರಿ’ ಎನ್ನುವವಳು ನಾನು. ಅಲ್ಲಿ ಗಂಟಲು ಹರಿದುಕೊಂಡು ಭಾರತದ ಹೆಸರು ಕೂಗಿದೆ. ಭಾರತದ ಹುಡುಗಿಯರು ಹುಲಿಯಂತೆ ಆಡುತ್ತಿದ್ದರು.

ಪಕ್ಕಕ್ಕೆ ತಿರುಗಿ ನೋಡಿದರೆ ಕಾಕು ಇಳಕಲ್ ಸೀರೆಯ ಸೆರಗು ಹೊದ್ದು, ಕೈ ಕಟ್ಟಿ, ತುಟಿ ಬಿಗಿದು ಕೂತಿದ್ದಾಳೆ. ಜಪಾನಿನ ಹುಡುಗಿಯರು ಒಬ್ಬೊಬ್ಬರಾಗಿ ಔಟಾಗಿ ಹೊರಗೆ ಹೋಗುತ್ತಿದ್ದರು. ಮಾಯುಮಿ ದಾಳಿಗೆ ಬಂದು ಸಿಕ್ಕಿಬಿದ್ದಾಗ ಸ್ಟೇಡಿಯಂ ಕುಣಿಯಿತು. ಕಾಕುವಿನ ಕಣ್ಣು ತುಂಬಿಬಂದವು. ಬಾಯಿ ಮಾತ್ರ ತೆರೆಯಲಿಲ್ಲ.

‘ಕೂಗ ಕಾಕು! ಇದಕ್ಕಾಗೇ ಬಂದಿಯಲ್ಲ?’

‘ಹೆಂಗ ಕೂಗಲಿ ಅನ್ನಪೂರ್ಣಾ? ಯಾರೂ ಕೇಳಲಿಲ್ಲಲ್ಲ.’

ಅಲ್ಲಿಂದ ಇಲ್ಲಿಯವರೆಗೆ ಬಂದು, ಯಾರಾದರೂ ನಡುವೆ ನಿಂತು ‘ಯಾರ ಮನ್ಯಾಗ ಉಂಡಾರ’ ಎಂದು ಕೇಳಲಿ ಎಂದು ಕಾಯುತ್ತ ಕೂತಿದ್ದಳು! ‘ಇದು ಬೆಂಗಳೂರು ಕಾಕು, ಇಲ್ಲಿ ಯಾರೂ ಕೇಳಂಗಿಲ್ಲ’ ಎಂದು ರೇಗಿದೆ.

‘ಕೇಳಲಾರದ ಕೂಗಿದ್ರ ಬಡಿವಾರ ಆಗತೈತಿ. ಉಣ್ಣಿಸಿದ್ದು ಹೇಳ್ಕೊಂಡಂಗ ಆಗತೈತಿ. ಬ್ಯಾಡ.’

ಕಾಕಾ ಅಸಹಾಯಕರಾಗಿ ನನ್ನ ಕಡೆ ನೋಡಿದರು. ಉಣ್ಣಿಸಿದ ಮನೆಯವರೇ ಆ ಪ್ರಶ್ನೆ ಕೇಳುವ ಹಾಗಿಲ್ಲ. ನಾನಾದರೆ ಕೊಟ್ಟ ಹೆಣ್ಣು, ಬೇರೆ ಮನೆಯವಳು, ಕೇಳಬಹುದು. ಆದದ್ದಾಗಲಿ ಎಂದು ಕುರ್ಚಿಯ ಮೇಲೆ ಹತ್ತಿ, ‘ಇವ್ರು ಯಾರ ಮನ್ಯಾಗ ಉಂಡಾರ?’ ಎಂದು ಚೀರಿದೆ. ನನ್ನ ದನಿ ನನಗೇ ಕೇಳಲಿಲ್ಲ. ಹಿಂದಿನ ಸಾಲಿನವನು ‘ಕೂತ್ಕೊಳ್ಳಿ ಮೇಡಂ’ ಎಂದ. ಮತ್ತೊಮ್ಮೆ ಚೀರಿದೆ. ಡೊಳ್ಳಿನವರು ಅದನ್ನೂ ನುಂಗಿದರು. ಕಾಕು ತಲೆ ತಗ್ಗಿಸಿದಳು. ಗೋಡೆಯ ಆಚೆಯ ಆ ನಗೆ ಕೇಳಿದ ದಿನ ಹೇಗೆ ಕೂತಿದ್ದಳೋ ಹಾಗೆಯೇ ಕೂತಳು.

ಅದನ್ನು ನೋಡಿ ನನ್ನ ಗಂಡನಿಗೆ ಏನನ್ನಿಸಿತೋ ಗೊತ್ತಿಲ್ಲ. ಕೆನ್ನೆಯ ಮೇಲೆ ತ್ರಿವರ್ಣ ಇದ್ದ ಹಾಗೆಯೇ ಎದ್ದು ನಿಂತರು. ಹದಿನೈದು ವರ್ಷದ ಚಾಳಿ ನೋಡಿ, ಜನರನ್ನು ಸುಮ್ಮನಿರಿಸಬೇಕೆಂದರೆ ಕೈ ತಾನೇ ಕೊರಳಿಗೆ ಹೋಗುತ್ತದೆ. ಉದ್ದನೆಯದೊಂದು ಸೀಟಿ ಊದಿಯೇಬಿಟ್ಟರು.

ಆಟ ನಿಂತಿತು! ದಾಳಿಗೆ ಹೋಗಿದ್ದ ಹುಡುಗಿ ಅಲ್ಲೇ ನಿಂತಳು. ನಿರ್ಣಾಯಕರು ಒಬ್ಬರ ಮುಖ ಒಬ್ಬರು ನೋಡಿದರು. ಡೊಳ್ಳು ನಿಂತಿತು, ತುತ್ತೂರಿ ನಿಂತಿತು. ಇಡೀ ಸ್ಟೇಡಿಯಂ ಗಪ್‌ಚಿಪ್ಪಾಗಿ ಸೀಟಿ ಎಲ್ಲಿಂದ ಬಂತೆಂದು ಹುಡುಕಿತು. ಆ ನಿಶ್ಶಬ್ದದಲ್ಲಿ ನನ್ನ ಗಂಡ ಸವದತ್ತಿಯ ಮೈದಾನದ ದನಿ ತೆಗೆದು ಕೇಳಿದರು:

‘ಈ ಜಪಾನಿನ ಹುಡುಗ್ಯಾರು ಯಾರ ಮನ್ಯಾಗ ಉಂಡಾರ?’

ಕಾಕು ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

‘ನಮ್ಮ ಮನ್ಯಾಗ! ಕಿತ್ತೂರ ಹೊಲದಾಗ! ನಾ ನೀಡೇನಿ!’

ಆ ದನಿ ಎಲ್ಲಿತ್ತೋ ಇಷ್ಟು ವರ್ಷ. ನಾನು ಆ ಮನೆಯಲ್ಲೇ ಬೆಳೆದವಳು, ನನಗೇ ಮೈ ಜುಮ್ಮೆಂದಿತು. ‘ಮಾಯೂಮೀ! ಉಂಡದ್ದ ತೋರಿಸ ನನ್ನ ಮಗಳ! ಎದ್ದ ಬಾರವ್ವಾ!’ ಎಂದು ಕಾಕು ಕೂಗಿದರೆ, ಹೊರಗೆ ಬೆಂಚಿನ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ಆ ಹುಡುಗಿ ಗಕ್ಕನೆ ತಲೆ ಎತ್ತಿದಳು. ಕಾಕುವನ್ನು ಗುರುತಿಸಿದಳು. ಪಕ್ಕದವಳನ್ನು ತಿವಿದು ತೋರಿಸಿದಳು. ಆ ಕಡೆಯ ಗ್ಯಾಲರಿಯಲ್ಲಿ ರಾಮದುರ್ಗದ ಕಡೆಯವರ ಒಂದು ಗುಂಪಿತ್ತೆಂದು ಕಾಣುತ್ತದೆ, ‘ಭೇಷ್ ಯವ್ವಾ! ಹಾಕ ಇನ್ನೊಂದ!’ ಎಂದು ಅಲ್ಲಿಂದ ಕೇಕೆ ಬಂತು. ಸ್ಟೇಡಿಯಂ ನಗೆಯಲ್ಲಿ ತೇಲಿತು. ಅದು ಶಟ್ಟೆಪ್ಪನ ಮುಂದೆ ನಕ್ಕವರ ನಗೆಯಂತಿರಲಿಲ್ಲ.

ನನ್ನ ಗಂಡನ ಹತ್ತಿರ ಒಬ್ಬ ಪೊಲೀಸ ಬಂದು ಸೀಟಿ ಕಸಿದುಕೊಂಡು ಹೋದ. ಹತ್ತು ವರ್ಷದಿಂದ ನನ್ನ ಕೈಯಲ್ಲಿ ಆಗದ ಕೆಲಸ ಅದು.

ಆಟ ಮತ್ತೆ ಶುರುವಾಯಿತು. ಗೆಲ್ಲುವ ಮಾತು ದೂರ. ಭಾರತ ಬಹಳ ಮುಂದಿತ್ತು, ಮುಂದೆಯೇ ಉಳಿಯಿತು. ಆದರೆ ಮಾಯುಮಿ ಒಳಗೆ ಬಂದ ಮೇಲೆ ಒಂದು ದಾಳಿಗೆ ಹೋದಳು. ಕಾಕು ಒಂದೇ ಸಮನೆ ಕೂಗುತ್ತಿದ್ದಳು. ಆ ಹುಡುಗಿ ಬಗ್ಗಿ ಒಬ್ಬಳ ಮೊಣಕಾಲು ಮುಟ್ಟಿ, ಮೇಲೆ ಬಿದ್ದವರನ್ನು ಎಳೆದುಕೊಂಡೇ ನಡುಗೆರೆಗೆ ಕೈ ಹಚ್ಚಿದಳು. ಆಗ ನೋಡಿ, ಭಾರತದ ಬಾವುಟ ಹಿಡಿದವರೇ ಎದ್ದು ಚಪ್ಪಾಳೆ ಹೊಡೆದರು. ಡೊಳ್ಳಿನವರು ಅವಳಿಗಾಗಿ ಒಂದು ಸುತ್ತು ಬಾರಿಸಿದರು. ನನ್ನ ಗಂಡ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರು. ಯಾರ ಕಡೆ ಎಂದು ನಾನು ಕೇಳಲಿಲ್ಲ.

ಪಂದ್ಯ ಮುಗಿದು ಭಾರತ ಗೆದ್ದಾಗ ಕಾಕು ಅದಕ್ಕೂ ಮನಸಾರೆ ಚಪ್ಪಾಳೆ ತಟ್ಟಿದಳು. ಸೋತ ಹುಡುಗಿಯರು ಕೈ ಬೀಸುತ್ತ ನಮ್ಮ ಗ್ಯಾಲರಿಯ ಕೆಳಗೆ ಬಂದರು. ಮಾಯುಮಿ ಕಟಕಟೆಯ ಹತ್ತಿರ ನಿಂತು, ಕಾಕುವನ್ನೇ ನೋಡುತ್ತ, ಅಂದು ಹೊಲದಲ್ಲಿ ಮಾಡಿದ ಹಾಗೆಯೇ ಹೊಟ್ಟೆಯ ಮೇಲೆ ಕೈಯಾಡಿಸಿ ನಕ್ಕಳು. ‘ನನ್ನ ಕೂಸಿಗೆ ಹಸಿವ್ಯಾಗೇತಿ’ ಎಂದು ಕಾಕು ತನ್ನ ಕೈಚೀಲದಲ್ಲಿದ್ದ ಶೇಂಗಾ ಉಂಡಿಯ ಗಂಟು ಕೆಳಗೆ ಇಳಿಬಿಟ್ಟಳು. ಅವತ್ತು ರೈಲಿನಲ್ಲಿ ನಮಗೆ ತಿನ್ನಲು ಏನೂ ಇರಲಿಲ್ಲ.

ಕಾಕಾ ಈ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ಹಗ್ಗದ ಜೊತೆ ಕೊಟ್ಟು ಕಳಿಸಿದರು. ಶಟ್ಟೆಪ್ಪನೂ ಬಂದು ಕೇಳಿಸಿಕೊಂಡನಂತೆ. ಎತ್ತಿನ ಹಗ್ಗ ತೆಗೆದುಕೊಂಡು ಹೋದನಂತೆ.

ಸುಗ್ಗಿ ಮುಗಿದು ಕುಸ್ತಿಯ ದಿನ ಬಂತು. ರಾಮದುರ್ಗದಿಂದ ಬಂದ ಪೈಲ್ವಾನ ಕಾಕುವಿನ ಕೈಯಲ್ಲಿ ಉಂಡು ಹೋದ. ನಾನೂ ಬಂದಿದ್ದೆ. ಒಲೆಯ ಮುಂದೆ ಕೂರಬೇಕಾದ ಕಾಕು ಹಪ್ಪಳ ಒಣಗಿಸುವ ನೆವ ಮಾಡಿಕೊಂಡು ಮಾಳಿಗೆ ಹತ್ತಿದಳು. ನಾನು ಹಿಂದೆಯೇ ಹತ್ತಿದೆ. ಅಲ್ಲಿಂದ ಮೈದಾನ ಅಂಗೈಯಲ್ಲಿದ್ದ ಹಾಗೆ ಕಾಣುತ್ತದೆ. ಇಷ್ಟು ವರ್ಷ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಕಾಕು ಹಪ್ಪಳದ ತಾಟು ಎದೆಗವಚಿಕೊಂಡು ನಿಂತಳು. ಕೂಗು ಎಂದು ನಾನು ಹೇಳಲಿಲ್ಲ. ಹೇಳಿದರೂ ಕೂಗುವವಳಲ್ಲ ಎಂದು ನನಗೆ ಈಗ ಗೊತ್ತಿತ್ತು.

ಕೆಳಗೆ ಹಲಗಿ ನಿಂತಿತು. ಶಟ್ಟೆಪ್ಪ ನಡುವೆ ನಿಂತು, ‘ಈ ರಾಮದುರ್ಗದ ಪೈಲ್ವಾನ ಯಾರ ಮನ್ಯಾಗ ಉಂಡಾನ?’ ಎಂದು ಕೇಳಿದ.

ಕಾಕಾ ಎದ್ದರು. ಪ್ರತಿ ವರ್ಷದಂತೆ ಕೈ ಎತ್ತಿದರು. ಆಮೇಲೆ ಎತ್ತಿದ ಕೈಯನ್ನೇ ನಮ್ಮ ಮಾಳಿಗೆಯ ಕಡೆ ಚಾಚಿದರು.

ಊರೆಲ್ಲ ತಿರುಗಿ ನೋಡಿತು. ಯಾರೂ ನಗಲಿಲ್ಲ. ಶಟ್ಟೆಪ್ಪ ಮೀಸೆ ಒರೆಸಿಕೊಂಡ. ಆಮೇಲೆ ತಲೆಯ ಮೇಲಿನ ರುಮಾಲು ಸರಿಮಾಡಿಕೊಂಡು, ಮೈಯೆಲ್ಲ ಮಾಳಿಗೆಯ ಕಡೆ ತಿರುಗಿಸಿ, ಮುಖ ಮೇಲೆತ್ತಿ, ಮೊದಲಿನಿಂದ ಇನ್ನೊಮ್ಮೆ ಕೇಳಿದ.

‘ಯಕ್ಕಾರ, ಈ ರಾಮದುರ್ಗದ ಪೈಲ್ವಾನ ಯಾರ ಮನ್ಯಾಗ ಉಂಡಾನ್ರಿ?’

ಕಾಕು ಹಪ್ಪಳದ ತಾಟು ನನ್ನ ಕೈಗೆ ಕೊಟ್ಟಳು.